ಆಕ್ಷೇಪ, ದೂರು, ನಿರಾಕರಣೆ: ಇಂಗ್ಲಿಷ್ ನುಡಿಗಟ್ಟುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ದಿನಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುತ್ತಿದ್ದ ವರ್ಷಗಳಲ್ಲೂ, ಈಗ ಸಂಜೆಯ ಹೊತ್ತು ಇಂಗ್ಲಿಷ್ ಕಲಿಸುವಾಗಲೂ, ಜನ ನನ್ನ ಬಳಿ ಬಿಡಿಸಿಕೊಳ್ಳಲು ತರುವುದು ಹೆಚ್ಚಾಗಿ ಜಗಳದ ಮಾತುಗಳನ್ನೇ. ಬೇಡ ಎನ್ನುವುದು, ಗೊಣಗುವುದು, ನಾನಲ್ಲ ಎನ್ನುವುದು, ಈ ಮೂರರ ಸುತ್ತ ಇಂಗ್ಲಿಷಿನಲ್ಲಿ ಬೆಳೆದಿರುವ ನುಡಿಗಟ್ಟುಗಳ ಬಗ್ಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಸುಲಭದ್ದರಿಂದ ಕಠಿಣದ್ದರ ಕಡೆಗೆ ಇಲ್ಲಿ ಜೋಡಿಸಿದ್ದೇನೆ.

## ಮೊದಲ ಪಾಠ

ಆಬ್ಜೆಕ್ಟ್, ಕಂಪ್ಲೇನ್, ಪ್ರೊಟೆಸ್ಟ್, ಡಿನೈ: ನಾಲ್ಕಕ್ಕೂ ‘ವಿರೋಧಿಸು’ ಎಂದು ಬರೆದರೆ ತಪ್ಪೇನು?

ತಪ್ಪೆನ್ನುವುದಕ್ಕಿಂತ ನಷ್ಟ ಎನ್ನುವುದು ಸರಿ. ನಿಮ್ಮ ಬೀದಿಯಲ್ಲಿ ಮೊಬೈಲ್ ಟವರ್ ನಿಲ್ಲಿಸುವ ಪ್ರಸ್ತಾಪ ಬಂದಿದೆ ಎಂದುಕೊಳ್ಳಿ. ಅದು ಏಳುವ ಮೊದಲೇ ಬೇಡ ಎನ್ನುವವರು ಆಬ್ಜೆಕ್ಟ್ ಮಾಡುತ್ತಾರೆ. ಕನ್ನಡದಲ್ಲಿ ಅದು ಆಕ್ಷೇಪಣೆ ಅಥವಾ ತಕರಾರು. ಎದ್ದ ಮೇಲೆ ಜನರೇಟರಿನ ಸದ್ದಿಗೆ ನಿದ್ದೆ ಬರುತ್ತಿಲ್ಲ ಎನ್ನುವವರು ಕಂಪ್ಲೇನ್ ಮಾಡುತ್ತಾರೆ, ಅದು ದೂರು. ಟವರಿನ ಬುಡದಲ್ಲಿ ಫಲಕ ಹಿಡಿದು ಕೂತವರದು ಪ್ರೊಟೆಸ್ಟ್, ಅಂದರೆ ಪ್ರತಿಭಟನೆ. ಅನುಮತಿಯಿಲ್ಲದೆ ಕಟ್ಟಿದ್ದೀರಿ ಎಂದಾಗ ಹಾಗೇನಿಲ್ಲ ಎನ್ನುವ ಕಂಪನಿಯದು ಡಿನೈ. ಅದಕ್ಕೆ ‘ಅಲ್ಲಗಳೆಯುವುದು’ ಎಂಬ ಸೊಗಸಾದ ಪದ ನಮ್ಮಲ್ಲಿದೆ. ನಾಲ್ಕನ್ನೂ ವಿರೋಧ ಎಂದುಬಿಟ್ಟರೆ ಟವರ್ ಕಟ್ಟಿದವರೂ ಕಟ್ಟಬೇಡಿ ಎಂದವರೂ ಒಂದೇ ಕ್ರಿಯಾಪದದಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಂದಹಾಗೆ, ‘ತಕರಾರು’ ಪದದ ಮೂಲವಾದ ಅರಬ್ಬಿ ಶಬ್ದಕ್ಕೆ ‘ಮತ್ತೆ ಮತ್ತೆ ಹೇಳುವುದು’ ಎಂಬ ಅರ್ಥವಿದೆ. ತಕರಾರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ಐ ಆಬ್ಜೆಕ್ಟ್ ಟು ಪೇ’ ಎಂದರೆ ಮೇಷ್ಟ್ರು ಏಕೆ ಕೆಂಪು ಗೀಟು ಹಾಕಿದರು?

ಆಬ್ಜೆಕ್ಟ್ ಪದದ ಮುಂದೆ ಬರುವ ‘ಟು’ ಕ್ರಿಯಾಪದದ ಗುರುತಲ್ಲ, ನಮ್ಮ ಚತುರ್ಥಿ ವಿಭಕ್ತಿಯಂಥ ಪ್ರತ್ಯಯ. ‘ಕೊಡುವುದಕ್ಕೆ ನನ್ನ ಆಕ್ಷೇಪವಿದೆ’ ಎನ್ನುವಲ್ಲಿನ ‘ಕ್ಕೆ’ ಇದ್ದಂತೆ. ಹಾಗಾಗಿ ‘ಆಬ್ಜೆಕ್ಟ್ ಟು ಪೇಯಿಂಗ್’ ಸರಿ. ಡಿನೈ ಕೂಡ ಇದೇ ಜಾತಿಯದು: ‘ಹಿ ಡಿನೈಡ್ ಟೇಕಿಂಗ್ ದ ಮನಿ’ ಎಂದರೆ ಹಣ ತೆಗೆದುಕೊಂಡೇ ಇಲ್ಲ ಎಂದ, ‘ಹಿ ರೆಫ್ಯೂಸ್ಡ್ ಟು ಟೇಕ್ ದ ಮನಿ’ ಎಂದರೆ ಕೊಟ್ಟರೂ ಮುಟ್ಟಲಿಲ್ಲ. ಮೊದಲನೆಯವನು ಆರೋಪಿ, ಎರಡನೆಯವನು ಪ್ರಾಮಾಣಿಕ. ಕಂಪ್ಲೇನ್ ಪದದ ಜೊತೆ ‘ಆಫ್’ ಬಂದರೆ ಸಾಮಾನ್ಯವಾಗಿ ಕಾಯಿಲೆ, ನೋವು. ‘ಅಬೌಟ್’ ಬಂದರೆ ಉಳಿದೆಲ್ಲ ಗೋಳು.

‘ಡೂ ಯು ಮೈಂಡ್ ಇಫ್ ಐ ಸಿಟ್ ಹಿಯರ್’ ಎಂದಾಗ ‘ಎಸ್, ಎಸ್’ ಎಂದೆ. ಅವರು ಕೂರದೆ ಹೊರಟುಹೋದರು. ನಾನು ಮಾಡಿದ್ದೇನು?

ಕೂರಬೇಡಿ ಎಂದಿರಿ. ಇಲ್ಲಿ ‘ಮೈಂಡ್’ ಎಂದರೆ ಅಭ್ಯಂತರವಿರುವುದು. ಈ ಪ್ರಶ್ನೆಯನ್ನು ಮನಸ್ಸಿನಲ್ಲೇ ‘ಕೂತರೆ ನಿಮ್ಮ ಅಭ್ಯಂತರವಿದೆಯೇ’ ಎಂದು ಕನ್ನಡಕ್ಕೆ ತಿರುಗಿಸಿಕೊಂಡರೆ ಸರಿಯಾದ ಉತ್ತರ ತಾನಾಗಿಯೇ ಬಾಯಿಗೆ ಬರುತ್ತದೆ: ಇಲ್ಲ. ‘ಕೂರಲೇ’ ಎಂದು ತಿರುಗಿಸಿಕೊಳ್ಳುವುದರಿಂದಲೇ ‘ಹೌದು’ ಎಂಬುದು ನುಗ್ಗಿಬರುತ್ತದೆ. ಗೊಂದಲವಾದಾಗ ‘ಪ್ಲೀಸ್ ಡೂ’ ಎಂದು ಕುರ್ಚಿ ತೋರಿಸಿದರೆ ಯಾವ ವ್ಯಾಕರಣವೂ ಅಡ್ಡ ಬರುವುದಿಲ್ಲ.

ಲಂಡನ್ನಿನ ಸಹೋದ್ಯೋಗಿಗೆ ಹೇಗಿದ್ದೀರಿ ಎಂದರೆ ಪ್ರತಿಸಲವೂ ‘ಕಾಂಟ್ ಕಂಪ್ಲೇನ್’ ಎನ್ನುತ್ತಾರೆ. ಏನೋ ಕಷ್ಟವಿದೆ, ಹೇಳಿಕೊಳ್ಳಲಾರರು ಎಂದು ತಿಳಿಯಲೇ?

ತಿಳಿಯಬೇಡಿ. ನಮ್ಮ ‘ಪರವಾಗಿಲ್ಲ, ನಡೀತಾ ಇದೆ’ ಎಂಬುದರ ನೆಂಟ ಅದು. ‘ಮಸ್ಟಂಟ್ ಗ್ರಂಬಲ್’ ಎಂಬುದೂ ಹಾಗೆಯೇ. ಕ್ಷೇಮವೆಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಕೀತೇನೋ ಎಂಬ ಹಿಂಜರಿಕೆ ನಮಗೂ ಅಪರಿಚಿತವಲ್ಲ.

## ನುಡಿಗಟ್ಟುಗಳ ಒಳಗೆ

‘ಪುಟ್ ಹರ್ ಫುಟ್ ಡೌನ್’ ಎಂದರೆ ಕಾಲೂರಿದಳು ಎಂದಲ್ಲವೇ?

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ರಾತ್ರಿ ಹನ್ನೊಂದರ ಹೊತ್ತಿಗೆ, ಪುಟ ಅಚ್ಚಿಗೆ ಹೋಗುವ ಅವಸರದಲ್ಲಿ. ಸಂಪುಟ ಸಭೆಯಲ್ಲಿ ಸಚಿವೆಯೊಬ್ಬರು ಯೋಜನೆಯೊಂದನ್ನು ಖಡಾಖಂಡಿತವಾಗಿ ತಡೆದರು ಎಂಬ ಸುದ್ದಿ ನನ್ನ ಕೈಯಲ್ಲಿ ‘ಸಚಿವೆ ಯೋಜನೆಯಲ್ಲಿ ಕಾಲೂರಿದರು’ ಎಂದಾಯಿತು. ಮರುದಿನ ಓದಿದವರಿಗೆ ಅವರು ಆ ಯೋಜನೆಯಲ್ಲೇ ನೆಲೆಯೂರಿ ಪಾಲು ಪಡೆದಂತೆ ಕಂಡಿತು. ಹಿರಿಯ ಉಪಸಂಪಾದಕರು ಬೈಯಲಿಲ್ಲ, ಆ ಸಾಲಿನ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಮಾಡಿ ಪುಟವನ್ನು ನನ್ನ ಮೇಜಿನ ಮೇಲೆ ಇಟ್ಟುಹೋದರು.

ಈ ನುಡಿಗಟ್ಟಿನಲ್ಲಿ ಮುಖ್ಯವಾದುದು ಅಧಿಕಾರ. ಮನೆಯಲ್ಲಿ ಅಜ್ಜಿ, ಶಾಲೆಯಲ್ಲಿ ಹೆಡ್‌ಮೇಷ್ಟ್ರು, ಸಭೆಯಲ್ಲಿ ಅಧ್ಯಕ್ಷರು ಇನ್ನು ಸಾಕು ಎಂದು ಮಾತು ಮುಗಿಸುವ ಬಗೆ ಇದು. ಕನ್ನಡದಲ್ಲಿ ‘ಸುತರಾಂ ಒಪ್ಪಲಿಲ್ಲ’, ‘ಖಡಾಖಂಡಿತವಾಗಿ ಬೇಡವೆಂದರು’ ಎನ್ನಬಹುದು. ‘ಡಿಗ್ ಇನ್ ಒನ್ಸ್ ಹೀಲ್ಸ್’ ಎಂಬುದರಲ್ಲಿ ಅಧಿಕಾರವಿಲ್ಲ, ಹಟವಿದೆ. ಎಳೆದರೂ ಬಾರದ ಎತ್ತು ಹಿಮ್ಮಡಿಯೂರಿ ನಿಂತ ಚಿತ್ರ. ಅದಕ್ಕೆ ನಮ್ಮ ಗರಡಿಮನೆಯಿಂದ ಬಂದ ‘ಪಟ್ಟು ಹಿಡಿ’ ಹೇಳಿ ಮಾಡಿಸಿದಂತಿದೆ. ‘ಡ್ರ್ಯಾಗ್ ಒನ್ಸ್ ಫೀಟ್’ ಎಂದರೆ ಬೇಡವೆಂದು ಬಾಯಲ್ಲಿ ಹೇಳದೆ ಕೆಲಸವನ್ನು ಎಳೆದಾಡುವುದು. ಕಡತದ ಮೇಲೆ ಕೂರುವುದು ಎಂದರೆ ನಮ್ಮ ಓದುಗರಿಗೆ ತಕ್ಷಣ ತಿಳಿಯುತ್ತದೆ. ‘ಪುಟ್ ಒನ್ಸ್ ಫುಟ್ ಇನ್ ಇಟ್’ ಮಾತ್ರ ಈ ಕುಟುಂಬಕ್ಕೆ ಸೇರಿದ್ದಲ್ಲ. ಆಡಬಾರದ್ದನ್ನು ಆಡಿ ಪೇಚಿಗೆ ಸಿಕ್ಕುವುದು ಅದು. ಬ್ರಿಟನ್ನಿನ ರಸ್ತೆಗಳಲ್ಲಿ ‘ಪುಟ್ ಯುವರ್ ಫುಟ್ ಡೌನ್’ ಎಂದರೆ ಆಕ್ಸಿಲರೇಟರ್ ಒತ್ತು ಎಂದೂ ಆಗುತ್ತದೆ, ಆದ್ದರಿಂದ ಪಕ್ಕದ ಸೀಟಿನವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು.

‘ಟೇಕ್ ಎಕ್ಸೆಪ್ಷನ್’ ಎಂದರೆ ವಿನಾಯಿತಿ ಪಡೆಯುವುದು ಎಂದು ನಿಘಂಟಿನ ನೆರವಿನಿಂದ ಊಹಿಸಿದೆ. ಸರಿಯೇ?

ಸರಿಯಲ್ಲ; ‘ಮೇಕ್ ಆ್ಯನ್ ಎಕ್ಸೆಪ್ಷನ್’ ಎಂದರೆ ವಿನಾಯಿತಿ ಕೊಡುವುದು, ‘ಟೇಕ್ ಎಕ್ಸೆಪ್ಷನ್ ಟು’ ಎಂದರೆ ಆಡಿದ ಮಾತಿಗೆ ಆಕ್ಷೇಪಿಸುವುದು. ಇದು ನ್ಯಾಯಾಲಯದ ಪರಿಭಾಷೆಯಿಂದ ಹೊರಬಂದದ್ದಾದ್ದರಿಂದ ಇದರ ಮೈಮೇಲೆ ಇನ್ನೂ ಕರಿಕೋಟಿದೆ. ಇದೇ ‘ಟೇಕ್’ ಬಳಗದ ಉಳಿದವರನ್ನು ಬಿಸಿಯ ಏರಿಕೆಯಲ್ಲಿ ನಿಲ್ಲಿಸಬಹುದು. ‘ಟೇಕ್ ಇಶ್ಯೂ’ ಎಂದರೆ ಅಭಿಪ್ರಾಯಕ್ಕೆ ಭಿನ್ನಮತ, ಮನುಷ್ಯನ ಮೇಲೆ ಮುನಿಸಿಲ್ಲ. ‘ಟೇಕ್ ಎಕ್ಸೆಪ್ಷನ್’ ಎಂದರೆ ಮಾತಿನ ಮೇಲೆ ಔಪಚಾರಿಕ ಆಕ್ಷೇಪ. ‘ಟೇಕ್ ಅಫೆನ್ಸ್’ ಎಂದರೆ ಮನಸ್ಸಿಗೆ ತಾಕಿಸಿಕೊಳ್ಳುವುದು. ‘ಟೇಕ್ ಅಂಬ್ರೇಜ್’ ಎಂದರೆ ತನ್ನ ಮಾನಕ್ಕೆ ಕುಂದಾಯಿತೆಂದು ಮುಖ ಊದಿಸಿಕೊಳ್ಳುವುದು. ಕೊನೆಯದರ ಬೇರು ಲ್ಯಾಟಿನ್ನಿನ ನೆರಳು. ಕೊಡೆಗೆ ಇಂಗ್ಲಿಷಿನಲ್ಲಿರುವ ಹೆಸರಿನ ಬೇರೂ ಅದೇ. ತನ್ನ ಮೇಲೆ ಯಾರದೋ ನೆರಳು ಬಿದ್ದಿತೆಂದು ಸಿಡುಕುವವರನ್ನು ನೆನೆದರೆ ಪದ ಮರೆಯುವುದಿಲ್ಲ.

‘ಬೋನ್ ಟು ಪಿಕ್’ ಮತ್ತು ‘ಆ್ಯಕ್ಸ್ ಟು ಗ್ರೈಂಡ್’ ಒಂದೇ ಅಲ್ಲವೇ? ಎರಡೂ ಸಿಟ್ಟಿನ ಮಾತೇ ತಾನೆ?

ಪತ್ರಿಕೆಗಳಲ್ಲಿ ಕೂಡ ಇವೆರಡು ಅದಲುಬದಲಾಗುತ್ತವೆ. ‘ಐ ಹ್ಯಾವ್ ಎ ಬೋನ್ ಟು ಪಿಕ್ ವಿತ್ ಯೂ’ ಎಂದು ಗೆಳೆಯರು ಎದುರೆದುರೇ ಹೇಳಿಕೊಳ್ಳುತ್ತಾರೆ. ನಿನ್ನ ಮೇಲೆ ನನ್ನದೊಂದು ದೂರಿದೆ, ಕೂತು ಇತ್ಯರ್ಥ ಮಾಡಿಕೊಳ್ಳೋಣ ಎಂದರ್ಥ. ನಾಯಿ ಮೂಳೆಯನ್ನು ಬಿಡದೆ ಕಡಿಯುವ ಚಿತ್ರ ಅದರ ಹಿಂದಿದೆ.

ಕೊಡಲಿಯ ಕಥೆ ಬೇರೆ. ಅಮೆರಿಕದ ಚಾರ್ಲ್ಸ್ ಮೈನರ್ 1810ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅಪರಿಚಿತನೊಬ್ಬ ಹುಡುಗನೊಬ್ಬನನ್ನು ಹೊಗಳಿ ಹೊಗಳಿ, ಅವನ ಕೈಯಲ್ಲಿ ಸಾಣೆಕಲ್ಲು ತಿರುಗಿಸಿಸಿ ತನ್ನ ಕೊಡಲಿಯನ್ನು ಹರಿತ ಮಾಡಿಸಿಕೊಂಡು, ಕೆಲಸ ಮುಗಿದ ಮೇಲೆ ಶಾಲೆಗೆ ತಡವಾಯಿತೆಂದು ಗದರಿ ಓಡಿಸುತ್ತಾನೆ. ಬೆಂಜಮಿನ್ ಫ್ರಾಂಕ್ಲಿನ್ ಹೆಸರಿಗೆ ಈ ಕಥೆಯನ್ನು ಅಂಟಿಸುವವರು ಬಹಳ ಮಂದಿ, ಅದು ತಪ್ಪು. ಹೀಗಾಗಿ ‘ಆ್ಯಕ್ಸ್ ಟು ಗ್ರೈಂಡ್’ ಎಂದರೆ ಒಳಗಿನ ಸ್ವಾರ್ಥ. ನಮ್ಮ ‘ಮಸೆಯುವುದು’ ಹಲ್ಲಿಗೆ, ಕತ್ತಿಗೆ ಸೇರಿದ್ದಾದ್ದರಿಂದ ಹಗೆಯೆಂದು ಅನ್ನಿಸುತ್ತದೆ. ಅದೇ ಮೋಸ ಮಾಡುವುದು. ‘ಅವರ ದೂರಿನ ಹಿಂದೆ ಬೇರೇನೋ ಲೆಕ್ಕಾಚಾರವಿದೆ’ ಎಂಬುದು ಸರಿಯಾದ ಅನುವಾದ.

ಮೂಳೆಯದೇ ಇನ್ನೊಂದಿದೆ. ‘ಮೇಕ್ ನೋ ಬೋನ್ಸ್ ಅಬೌಟ್ ಇಟ್’ ಎಂದರೆ ಹಿಂದೆಮುಂದೆ ನೋಡದೆ, ಮುಚ್ಚುಮರೆಯಿಲ್ಲದೆ ಹೇಳುವುದು.

ಗಲಾಟೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತುಗಳಿವೆಯಲ್ಲ, ಯಾವುದನ್ನು ಎಲ್ಲಿ ಬಳಸಬೇಕು?

ಈ ಪ್ರಶ್ನೆಗೆ ಉತ್ತರಿಸಲೆಂದೇ ಉಳಿದವನ್ನೆಲ್ಲ ಬರೆದೆನೇನೋ. ದೂರುವ ನುಡಿಗಟ್ಟಿನೊಳಗೆ ದೂರಿದವರ ಬಗ್ಗೆ ಒಂದು ತೀರ್ಪು ಅಡಗಿರುತ್ತದೆ, ಅನುವಾದಿಸುವಾಗ ಮೊದಲು ಹುಡುಕಬೇಕಾದದ್ದು ಆ ತೀರ್ಪನ್ನು. ಹೋಟೆಲಿನಲ್ಲಿ ಸಾಂಬಾರು ತಣ್ಣಗಿತ್ತೆಂದು ಒಬ್ಬರು ಎದ್ದುನಿಂತು ಮ್ಯಾನೇಜರನ್ನು ಕರೆಸಿದರು ಎಂದುಕೊಳ್ಳಿ. ‘ಹಿ ಕಿಕ್ಡ್ ಅಪ್ ಎ ಫಸ್’ ಎಂದು ಬರೆದರೆ ಸಾಂಬಾರಿನ ವಿಷಯಕ್ಕೆ ಇಷ್ಟು ಬೇಕಿರಲಿಲ್ಲ ಎಂದು ಬರೆದವರು ಹೇಳಿದಂತಾಯಿತು. ‘ಮೇಡ್ ಎ ಸೀನ್’ ಎಂದರೆ ನೋಡುವವರಿಗೆ ಮುಜುಗರವಾಯಿತು. ‘ಮೇಡ್ ಎ ಸಾಂಗ್ ಆ್ಯಂಡ್ ಡಾನ್ಸ್’ ಎಂದರೆ ಸಣ್ಣದನ್ನು ದೊಡ್ಡದು ಮಾಡಿದರು. ಇದು ಬ್ರಿಟಿಷರ ಅರ್ಥ, ಅಮೆರಿಕದಲ್ಲಿ ಅದೇ ಮಾತಿಗೆ ನುಣುಚಿಕೊಳ್ಳಲು ಹೆಣೆದ ಉದ್ದನೆಯ ನೆಪ ಎಂಬ ಅರ್ಥವೂ ಇದೆ. ‘ರೇಸ್ಡ್ ಎ ಸ್ಟಿಂಕ್’ ಎಂದಾಗ ಗಲಾಟೆ ಗಟ್ಟಿಯಾಗಿಯೇ ಇದ್ದರೂ ಕಾರಣವಿತ್ತೆಂಬ ಸುಳಿವಿರಬಹುದು. ‘ಕ್ರೈ ಫೌಲ್’ ಎಂಬುದು ಆಟದ ಮೈದಾನದಿಂದ ಬಂದದ್ದು, ನಿಯಮ ಮುರಿದಿದ್ದಾರೆ ಎಂಬ ದೂರು. ‘ಅಪ್ ಇನ್ ಆರ್ಮ್ಸ್’ ಆದವರು ಸಾಮಾನ್ಯವಾಗಿ ಒಂದು ಗುಂಪು, ಅವರ ಸಿಟ್ಟನ್ನು ಬರೆದವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಕನ್ನಡದಲ್ಲೂ ಈ ಏರಿಳಿತ ಹಾಗೆಯೇ ಇದೆ. ದನಿಯೆತ್ತಿದರು ಎಂದರೆ ಗೌರವ, ಸಿಡಿದೆದ್ದರು ಎಂದರೆ ಮೆಚ್ಚುಗೆ, ಗುಲ್ಲೆಬ್ಬಿಸಿದರು ಎಂದರೆ ಅನುಮಾನ, ರಂಪ ಮಾಡಿದರು ಎಂದರೆ ತಾತ್ಸಾರ, ಬಾಯಿಬಡಿದುಕೊಂಡರು ಎಂದರೆ ನಗು. ಮನೆಮಾತಿನ ‘ರಾದ್ಧಾಂತ’ದ ಚರಿತ್ರೆ ಇನ್ನೂ ತಮಾಷೆಯದು. ಸಂಸ್ಕೃತ ಶಾಸ್ತ್ರಗಳಲ್ಲಿ ಆ ಪದಕ್ಕೆ ಸಿದ್ಧಾಂತ, ವಾದದ ಕೊನೆಗೆ ನಿಂತ ತೀರ್ಮಾನ ಎಂದರ್ಥ. ಅಡುಗೆಮನೆಗೆ ಬರುವಷ್ಟರಲ್ಲಿ ಅದು ‘ಒಂದು ಲೋಟ ಒಡೆದದ್ದಕ್ಕೆ ಇಷ್ಟೊಂದು ರಾದ್ಧಾಂತವೇ’ ಎಂದಾಗಿದೆ.

‘ಹ್ಯೂ ಆ್ಯಂಡ್ ಕ್ರೈ’ ಎಂಬುದರಲ್ಲಿ ‘ಹ್ಯೂ’ ಎಂದರೆ ಬಣ್ಣವೇ?

ಬಣ್ಣದ ‘ಹ್ಯೂ’ ಬೇರೆ ಪದ. ಇದು ಫ್ರೆಂಚ್ ಮೂಲದ ಕೂಗು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಳ್ಳನನ್ನು ಕಂಡವನು ಕೂಗೆಬ್ಬಿಸಬೇಕು, ಕೂಗು ಕೇಳಿದವರೆಲ್ಲ ಬೆನ್ನಟ್ಟಬೇಕು ಎಂಬುದು ಕಾನೂನೇ ಆಗಿತ್ತು. ಒಂದನೇ ಎಡ್ವರ್ಡ್ ದೊರೆಯ ಕಾಲದಲ್ಲಿ 1285ರ ವಿಂಚೆಸ್ಟರ್ ಶಾಸನ ಅದನ್ನು ಬಿಗಿಗೊಳಿಸಿತು. ಕಳ್ಳನನ್ನು ಹಿಡಿದುಕೊಡದಿದ್ದರೆ ಆ ಭಾಗದ ಜನ ನಷ್ಟ ತೆರಬೇಕಾಗುತ್ತಿತ್ತು. ಈಗ ಉಳಿದಿರುವುದು ಸಾರ್ವಜನಿಕ ಕೂಗಾಟ ಎಂಬ ಅರ್ಥ ಮಾತ್ರ. ನಮ್ಮ ‘ಹುಯಿಲೆಬ್ಬಿಸು’ ಅರ್ಥದಲ್ಲೂ ಸದ್ದಿನಲ್ಲೂ ಇದಕ್ಕೆ ಎಷ್ಟು ಹತ್ತಿರವೆಂದರೆ ಅಣ್ಣತಮ್ಮಂದಿರೆಂದು ಭ್ರಮೆಯಾಗುತ್ತದೆ. ನೆಂಟಸ್ತಿಕೆಯೇನಿಲ್ಲ, ಆಕಸ್ಮಿಕ. ಆದರೆ ಅನುವಾದಕನಿಗೆ ಇಂಥ ಆಕಸ್ಮಿಕಗಳು ಹಬ್ಬ.

ಮೊಸರಲ್ಲಿ ಕಲ್ಲು ಹುಡುಕುವವರಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

‘ನಿಟ್‌ಪಿಕರ್’. ‘ನಿಟ್’ ಎಂದರೆ ಸೀರು, ಹೇನಿನ ಮೊಟ್ಟೆ. ಮಧ್ಯಾಹ್ನ ಜಗಲಿಯಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಕೂದಲೆಳೆಯಿಂದ ಸೀರು ಎಳೆಯುವ ಅಜ್ಜಿಯ ಬೆರಳುಗಳನ್ನು ನೆನಪಿಸಿಕೊಳ್ಳಿ. ಅಷ್ಟು ಸೂಕ್ಷ್ಮವಾಗಿ ತಪ್ಪು ಹೆಕ್ಕುವವರು ಇವರು. ‘ಸ್ಪ್ಲಿಟ್ ಹೇರ್ಸ್’ ಎಂದರೆ ಇಲ್ಲದ ಭೇದಗಳನ್ನು ಎಳೆಯುವುದು, ತಪ್ಪು ಹುಡುಕುವುದಲ್ಲ. ‘ಪಿಕ್ ಹೋಲ್ಸ್’ ಎಂದರೆ ವಾದದ ತೂತುಗಳನ್ನು ತೋರಿಸುವುದು; ತೂತು ನಿಜವಾಗಿಯೂ ಇರಬಹುದಾದ್ದರಿಂದ ಇದು ಒಳ್ಳೆಯ ವಕೀಲರಿಗೆ ಹೊಗಳಿಕೆ. ನಮ್ಮ ‘ಕೊಂಕು ತೆಗೆ’ ಎಂಬುದರಲ್ಲಿರುವ ಹೊಟ್ಟೆಕಿಚ್ಚು ಈ ಮೂರರಲ್ಲೂ ಇಲ್ಲ.

ಕನ್ನಡದಲ್ಲೂ ಪದಕ್ಕೆ ಪದ ಅದೇ ನುಡಿಗಟ್ಟಿದ್ದರೆ ಕಣ್ಣುಮುಚ್ಚಿ ಬಳಸಬಹುದಲ್ಲವೇ?

ಕಣ್ಣು ತೆರೆದು ಬಳಸಬಹುದು. ‘ಪೋರ್ ಕೋಲ್ಡ್ ವಾಟರ್’ ಮತ್ತು ‘ತಣ್ಣೀರೆರಚು’ ಸಮಸಮ, ತೊಂದರೆಯಿಲ್ಲ. ‘ವಾಶ್ ಒನ್ಸ್ ಹ್ಯಾಂಡ್ಸ್’ ಹಾಗಲ್ಲ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನು ಜನರೆದುರು ನೀರು ತರಿಸಿ ಕೈತೊಳೆದು, ಈ ರಕ್ತಕ್ಕೆ ತಾನು ಹೊಣೆಯಲ್ಲ ಎನ್ನುವ ಪ್ರಸಂಗ ಅದರ ಮೂಲ. ‘ಜವಾಬ್ದಾರಿಯಿಂದ ಕೈತೊಳೆದುಕೊಂಡರು’ ಎಂದರೆ ಅರ್ಥ ಕೂಡುತ್ತದೆ. ಆದರೆ ‘ಕೈತೊಳೆದುಕೊಂಡು ಬೆನ್ನು ಹತ್ತಿದ್ದಾರೆ’ ಎಂದರೆ ಕನ್ನಡದಲ್ಲಿ ಬಿಡದೆ ಕಾಡುತ್ತಿದ್ದಾರೆ ಎಂದಾಗಿ, ಪೂರ್ತಿ ತಿರುಗುಮುರುಗಾಗುತ್ತದೆ.

ಅದಕ್ಕಿಂತ ನಯವಾದ ಬಲೆ ‘ವಾಯ್ಸ್ ಇನ್ ದ ವೈಲ್ಡರ್ನೆಸ್’. ಇದನ್ನು ಎಲ್ಲರೂ ‘ಅರಣ್ಯರೋದನ’ ಎನ್ನುತ್ತಾರೆ. ಅರಣ್ಯರೋದನದಲ್ಲಿ ಅಳುವವನಿದ್ದಾನೆ, ಕೇಳುವವರಿಲ್ಲ, ಕಥೆ ಅಲ್ಲಿಗೆ ಮುಗಿಯಿತು. ಇಂಗ್ಲಿಷಿನ ದನಿ ಬೈಬಲ್ಲಿನ ಪ್ರವಾದಿ ಸ್ನಾನಿಕ ಯೋಹಾನನದು, ಬರಲಿರುವುದನ್ನು ಮುಂಚೆಯೇ ಸಾರಿದವನದು. ಇಂದು ಯಾರೂ ಕಿವಿಗೊಡದಿದ್ದರೂ ಅವನ ಮಾತೇ ನಿಜವಾಗುತ್ತದೆ ಎಂಬ ಧ್ವನಿ ಅದರಲ್ಲಿದೆ. ಕೆರೆಯಂಗಳದಲ್ಲಿ ಬಡಾವಣೆ ಬೇಡ ಎಂದು ಮೂವತ್ತು ವರ್ಷ ಹಿಂದೆ ಒಬ್ಬರೇ ಹೇಳಿದ್ದ ಎಂಜಿನಿಯರ್ ಬಗ್ಗೆ ಇಂಗ್ಲಿಷ್ ವರದಿ ಈ ಮಾತು ಬಳಸಿದರೆ ಅದು ಅನುಕಂಪವಲ್ಲ, ಗೌರವ. ‘ಒಂಟಿ ದನಿ’ ಎಂದರೆ ಸಾಕು.

## ಇನ್ನೂ ಆಳಕ್ಕೆ

‘ಪ್ರೊಟೆಸ್ಟ್ಸ್ ಟೂ ಮಚ್’ ಎಂದು ನನ್ನ ಬಗ್ಗೆ ಬರೆದರು. ನಾನು ಹೆಚ್ಚು ಪ್ರತಿಭಟಿಸುತ್ತೇನೆಂದೇ ಅದರ ಅರ್ಥ?

ಅದಕ್ಕಿಂತ ಕೆಟ್ಟದು. ನೀವು ಇಷ್ಟು ಜೋರಾಗಿ ಅಲ್ಲ ಎನ್ನುತ್ತಿರುವುದರಿಂದ ಹೌದಿರಬೇಕು ಎಂದು ಅವರು ಹೇಳುತ್ತಿದ್ದಾರೆ. 1600ರ ಸುಮಾರಿಗೆ ಶೇಕ್ಸ್‌ಪಿಯರ್ ಬರೆದ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ, ನಾಟಕದೊಳಗಿನ ನಾಟಕವೊಂದನ್ನು ರಾಣಿ ಗರ್ಟ್ರೂಡ್ ನೋಡುತ್ತಿರುತ್ತಾಳೆ. ಅಲ್ಲಿನ ರಾಣಿ ಗಂಡ ಸತ್ತರೆ ತಾನು ಮತ್ತೆ ಮದುವೆಯಾಗುವುದೇ ಇಲ್ಲವೆಂದು ಉದ್ದಕ್ಕೂ ಆಣೆಯಿಡುತ್ತಾಳೆ. ಹೇಗಿದೆ ನಾಟಕ ಎಂದು ಮಗ ಕೇಳಿದಾಗ, ಗಂಡ ಸತ್ತೊಡನೆ ಮೈದುನನನ್ನೇ ಮದುವೆಯಾಗಿರುವ ಗರ್ಟ್ರೂಡ್, ಈ ಹೆಂಗಸು ಅತಿಯಾಗಿ ‘ಪ್ರೊಟೆಸ್ಟ್’ ಮಾಡುತ್ತಿದ್ದಾಳೆ ಎನ್ನುತ್ತಾಳೆ. ಆಗ ಆ ಪದಕ್ಕೆ ಆಣೆಯಿಟ್ಟು ಹೇಳುವುದು ಎಂಬ ಅರ್ಥ. ಈಗಲೂ ‘ಪ್ರೊಟೆಸ್ಟ್ ಒನ್ಸ್ ಇನೊಸೆನ್ಸ್’ ಎಂಬಲ್ಲಿ ಆ ಹಳೆಯ ಅರ್ಥ ಬದುಕಿದೆ. ನಿರಪರಾಧಿತ್ವವನ್ನು ಪ್ರತಿಭಟಿಸಿದ ಎಂದು ಅದನ್ನು ಅನುವಾದಿಸಿದ್ದನ್ನು ಓದಿದ್ದೇನೆ.

ಕಾಲ ಕಳೆದಂತೆ ಆಣೆ ನಿರಾಕರಣೆಯಾಗಿ, ಈ ಮಾತು ನಮ್ಮ ಕುಂಬಳಕಾಯಿ ಕಳ್ಳನ ಪಕ್ಕಕ್ಕೆ ಬಂದು ನಿಂತಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ನಮ್ಮವನು ತುಟಿ ಬಿಚ್ಚುವುದಿಲ್ಲ, ಅವನನ್ನು ಹಿಡಿದುಕೊಡುವುದು ಕೈ. ನನಗೆ ಕೇಳಿದರೆ ಗಾದೆಯೇ ಚೂಪು.

‘ಡೆವಿಲ್ಸ್ ಅಡ್ವೊಕೇಟ್’ಗೆ ‘ಸೈತಾನನ ವಕೀಲ’ಎಂದು ಬರೆದರೆ ಓದುಗರು ಬೆಚ್ಚಿಬಿದ್ದರು. ಬೇರೆ ದಾರಿ ಇದೆಯೇ?

ಇದೆ, ಮತ್ತು ಅದು ಹಳೆಯ ದಾರಿ. ಕ್ಯಾಥೊಲಿಕ್ ಚರ್ಚಿನಲ್ಲಿ ಯಾರನ್ನಾದರೂ ಸಂತರೆಂದು ಘೋಷಿಸುವ ಮೊದಲು ಅವರ ವಿರುದ್ಧ ವಾದ ಮಂಡಿಸಲೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ. 1587ರಲ್ಲಿ ಪೋಪ್ ಐದನೇ ಸಿಕ್ಸ್‌ಟಸ್ ಆ ಹುದ್ದೆಯನ್ನು ವಿಧಿವತ್ತಾಗಿ ಸ್ಥಾಪಿಸಿದರು. 1983ರಲ್ಲಿ ಎರಡನೇ ಜಾನ್ ಪಾಲ್ ತಂದ ಸುಧಾರಣೆಯಲ್ಲಿ ಅದರ ಬಲ ಕುಗ್ಗಿತು. ತನಗೆ ನಂಬಿಕೆಯಿಲ್ಲದಿದ್ದರೂ ವಾದ ಗಟ್ಟಿಯಾಗಲಿ ಎಂದು ಆಕ್ಷೇಪ ಎತ್ತುವವನು ಅವನು. ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಇದೇ ಕೆಲಸವನ್ನು ‘ಪೂರ್ವಪಕ್ಷ’ ಮಾಡುತ್ತದೆ. ತನ್ನ ಮತವನ್ನು ಹೇಳುವ ಮೊದಲು ಎದುರಾಳಿಯ ಆಕ್ಷೇಪವನ್ನು ಗ್ರಂಥಕಾರನೇ ಪೂರ್ತಿ ಬಲದೊಡನೆ ಮಂಡಿಸಬೇಕು. ‘ಸ್ವಲ್ಪ ಹೊತ್ತು ನಾನು ಪೂರ್ವಪಕ್ಷ ವಹಿಸುತ್ತೇನೆ’ ಎಂದರೆ ಸಭೆಯಲ್ಲಿ ಯಾರೂ ಬೆಚ್ಚುವುದಿಲ್ಲ. ತನ್ನದೇ ಆದ ನಿಲುವಿಲ್ಲದೆ ಎದುರಿನವರದ್ದನ್ನು ಕೆಡಹುವುದಕ್ಕೆ ಭಾರತೀಯ ತರ್ಕಪರಂಪರೆಯಾದ ನ್ಯಾಯಶಾಸ್ತ್ರ ‘ವಿತಂಡ’ ಎಂದು ಬೇರೆ ಹೆಸರಿಟ್ಟಿದೆ, ಎರಡನ್ನೂ ಕಲೆಸಬಾರದು. ಟಾಸ್ ಬಿದ್ದಾದ ಮೇಲೂ ವಾದಿಸುವ ‘ಆರ್ಗ್ಯೂ ದ ಟಾಸ್’ ಮಂದಿ ವಿತಂಡಕ್ಕೇ ಹತ್ತಿರ.

ನೋಟಿಸಿಗೆ ಉತ್ತರ ಬರೆಯುವಾಗ ‘ಎಲ್ಲ ಆರೋಪಗಳನ್ನೂ ಸಾರಾಸಗಟಾಗಿ ಅಲ್ಲಗಳೆಯುತ್ತೇನೆ’ ಎಂದರೆ ಸಾಲದೇ? ‘ಸ್ಪೆಸಿಫಿಕಲಿ ಡಿನೈಡ್’ ಎಂದು ವಕೀಲರು ಪ್ರತಿ ಪ್ಯಾರಾಕ್ಕೂ ಏಕೆ ಬರೆಯುತ್ತಾರೆ?

ಪುಟ ತುಂಬಿಸಲೆಂದು ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ, ಪ್ರತಿವಾದಿಯು ತಾನು ಒಪ್ಪದ ಪ್ರತಿಯೊಂದು ಸಂಗತಿಯನ್ನೂ ಬಿಡಿಬಿಡಿಯಾಗಿ ನಿರಾಕರಿಸಬೇಕೆಂದು ಹೇಳುತ್ತದೆ. ನಿರಾಕರಿಸದೆ ಬಿಟ್ಟದ್ದನ್ನು ಒಪ್ಪಿಕೊಂಡಂತೆಯೇ ಎಂದು 5ನೇ ನಿಯಮ ಭಾವಿಸುತ್ತದೆ. 4ನೇ ನಿಯಮ ಇನ್ನೂ ಸ್ವಾರಸ್ಯದ್ದು. ನೀನು ಇಷ್ಟು ಹಣ ಪಡೆದೆ ಎಂಬ ಆರೋಪಕ್ಕೆ ‘ಅಷ್ಟು ಹಣ ಪಡೆದಿಲ್ಲ’ ಎಂದರೆ ಸಾಲದು, ಆ ಮೊತ್ತವನ್ನಾಗಲಿ ಅದರ ಯಾವ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು. ಐವತ್ತು ಸಾವಿರ ಪಡೆದಿಲ್ಲ ಎಂದವನು ನಲವತ್ತೊಂಬತ್ತು ಸಾವಿರ ಪಡೆದಿರಬಹುದು ಎಂಬ ಲೋಕಾನುಭವ ಕಾನೂನಿಗೂ ಇದೆ. ಇಂಥ ಜಾರುಮಾತಿಗೆ ಅಲ್ಲಿರುವ ಹೆಸರು ‘ಇವೇಸಿವ್ ಡಿನಯಲ್’.

ಜೊತೆಗೆ ‘ಪೇಯ್ಡ್ ಅಂಡರ್ ಪ್ರೊಟೆಸ್ಟ್’ ಎಂಬುದನ್ನು ‘ಪ್ರತಿಭಟನೆಯಡಿ ಪಾವತಿ’ ಎಂದು ಬರೆಯಬೇಡಿ. ಕಟ್ಟುತ್ತಿದ್ದೇನೆ, ಆದರೆ ಕಟ್ಟಬೇಕಾದದ್ದೆಂದು ಒಪ್ಪಿಲ್ಲ ಎಂದರ್ಥ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದೆ’ ಎಂದರೆ ನಿಲ್ಲುತ್ತದೆ. ಇದು ಬರೀ ಸಿಟ್ಟು ತೋರುವ ಮಾತಲ್ಲ. 1944ರ ಕೇಂದ್ರ ಅಬಕಾರಿ ಕಾಯ್ದೆಯ 11-ಬಿ ಕಲಮಿನ ಪ್ರಕಾರ, ಹೀಗೆ ಕಟ್ಟಿದ ಸುಂಕದ ಮರುಪಾವತಿ ಕೇಳಲು ಒಂದು ವರ್ಷದ ಗಡುವು ಅನ್ವಯಿಸುವುದಿಲ್ಲ.

ಸುದ್ದಿಯಲ್ಲಿ ‘ನಿರಾಕರಿಸಿದರು’ ಎಂದು ಓದಿದಾಗ ಏನನ್ನು ನಿರಾಕರಿಸಿದರೆಂದೇ ತಿಳಿಯುವುದಿಲ್ಲ. ಇದು ಕನ್ನಡದ ಬಡತನವೇ?

ಕನ್ನಡದ್ದಲ್ಲ, ನಮ್ಮ ಮೇಜಿನದು. ಆರೋಪ ಡಿನೈ ಆದರೂ, ಜಾಮೀನು ಡಿನೈ ಆದರೂ, ಪ್ರತಿಕ್ರಿಯೆ ಡಿಕ್ಲೈನ್ ಆದರೂ, ಪ್ರಶಸ್ತಿ ರಿಜೆಕ್ಟ್ ಆದರೂ ನಾವು ‘ನಿರಾಕರಣೆ’ ಎಂಬ ಒಂದೇ ಸೌಟಿನಿಂದ ಬಡಿಸುತ್ತೇವೆ. ಇಂಗ್ಲಿಷಿನವರು ಒಂದು ‘ನೋ’ದಲ್ಲಿ ಮುಗಿಸುವುದನ್ನು ಕನ್ನಡ ಐದಾಗಿ ಹರಡಿಟ್ಟಿದೆ. ಇರುವಿಕೆಯನ್ನೋ ನಡೆದದ್ದನ್ನೋ ತೆಗೆದುಹಾಕಲು ‘ಇಲ್ಲ’, ಗುರುತನ್ನು ತೆಗೆದುಹಾಕಲು ‘ಅಲ್ಲ’, ಮನಸ್ಸಿಲ್ಲ ಎನ್ನಲು ‘ಒಲ್ಲೆ’, ಅಗತ್ಯವಿಲ್ಲ ಎನ್ನಲು ‘ಬೇಡ’, ತಡೆಯಲು ‘ಕೂಡದು’. ಆರೋಪವನ್ನು ಅಲ್ಲಗಳೆದರು, ಜಾಮೀನು ಸಿಗಲಿಲ್ಲ, ಪ್ರತಿಕ್ರಿಯಿಸಲು ಒಪ್ಪಲಿಲ್ಲ, ಪ್ರಶಸ್ತಿ ಬೇಡವೆಂದರು ಎಂದು ಬರೆದರೆ ನಾಲ್ಕೂ ಬೇರೆ ಬೇರೆಯಾಗಿ ಕಾಣುತ್ತವೆ, ಅಕ್ಷರಗಳೂ ಹೆಚ್ಚಾಗುವುದಿಲ್ಲ.

‘ಇನ್ ಡಿನಯಲ್’ ಎಂಬುದು ಇವುಗಳಲ್ಲಿ ಯಾವುದೂ ಅಲ್ಲ. ಮನೋವಿಶ್ಲೇಷಕಿ ಆನಾ ಫ್ರಾಯ್ಡ್ 1936ರಲ್ಲಿ ಮನಸ್ಸಿನ ರಕ್ಷಣೋಪಾಯಗಳ ಬಗ್ಗೆ ಬರೆದಾಗ ಚರ್ಚಿಸಿದ್ದ ಪರಿಕಲ್ಪನೆ, ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಮರಣಾಸನ್ನರ ಮನಸ್ಥಿತಿಯ ಮೊದಲ ಹಂತವೆಂದು ಅದನ್ನು ಹೆಸರಿಸಿದ ಮೇಲೆ ಮನೆಮಾತಾಯಿತು. ಇಲ್ಲಿ ಸುಳ್ಳು ಹೇಳುವ ಉದ್ದೇಶವಿಲ್ಲ. ನಿಜ ಒಳಗೆ ಇಳಿದೇ ಇಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ನಮ್ಮ ಬೆಕ್ಕನ್ನು ಇಲ್ಲಿಗೆ ತರಬೇಡಿ, ಏಕೆಂದರೆ ತಾನು ಕುಡಿಯುತ್ತಿರುವುದು ಬೆಕ್ಕಿಗೆ ಚೆನ್ನಾಗಿ ಗೊತ್ತು. ‘ಅವರಿಗಿನ್ನೂ ಅರಗಿಸಿಕೊಳ್ಳಲಾಗಿಲ್ಲ’ ಎಂಬುದು ಹತ್ತಿರದ ಮಾತು.

‘ನಾನ್-ಡಿನಯಲ್ ಡಿನಯಲ್’ ಎಂದರೇನು? ಅಲ್ಲಗಳೆದ ಮೇಲೆ ಅಲ್ಲಗಳೆದಂತೆಯೇ ಅಲ್ಲವೇ?

‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೀರಿ? ಹಾಗೆ ಹೇಳಿಯೇ ಇಲ್ಲ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ‘ಇದು ರಾಜಕೀಯ ಪ್ರೇರಿತ’ ಎಂಬುದೂ ಹಾಗೆಯೇ. ಪ್ರೇರಣೆ ಯಾವುದೇ ಇರಲಿ, ಆರೋಪ ನಿಜವೋ ಸುಳ್ಳೋ ಎಂಬುದು ಇದ್ದಲ್ಲೇ ಉಳಿಯಿತು. ಅಮೆರಿಕದಲ್ಲಿ 1972ರಿಂದ 1974ರವರೆಗೆ ನಡೆದ, ಅಧ್ಯಕ್ಷ ನಿಕ್ಸನ್ ಅವರ ರಾಜೀನಾಮೆಯಲ್ಲಿ ಮುಗಿದ ವಾಟರ್‌ಗೇಟ್ ಹಗರಣದ ಕಾಲದಲ್ಲಿ ಪತ್ರಕರ್ತರು ಇಂಥ ಹೇಳಿಕೆಗಳಿಗೆ ಬಳಸಿದ ಈ ಹೆಸರು ಪ್ರಸಿದ್ಧವಾಯಿತು.

ಇದಕ್ಕೆ ಇಬ್ಬರು ಸೋದರರಿದ್ದಾರೆ. ‘ಪ್ಲಾಸಿಬಲ್ ಡಿನಯಬಿಲಿಟಿ’ ಎಂದರೆ ಮುಂದೆ ಅಲ್ಲಗಳೆಯಲು ಈಗಲೇ ಜಾಗ ಮಾಡಿಟ್ಟುಕೊಳ್ಳುವುದು. ರಹಸ್ಯ ಕಾರ್ಯಾಚರಣೆ ಬಯಲಾದರೂ ಸರ್ಕಾರ ನಂಬುವಂತೆ ಹೊಣೆ ಜಾರಿಸಿಕೊಳ್ಳಲು ಸಾಧ್ಯವಾಗುವಂತಿರಬೇಕು ಎಂಬ ಮಾತು 1948ರ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯ ನಿರ್ದೇಶನದಲ್ಲೇ ಇದೆ. ‘ನೈದರ್ ಕನ್ಫರ್ಮ್ ನಾರ್ ಡಿನೈ’ ಎಂಬುದಕ್ಕೆ ಗ್ಲೋಮಾರ್ ಉತ್ತರ ಎಂಬ ಅಡ್ಡಹೆಸರಿದೆ. 1968ರಲ್ಲಿ ಮುಳುಗಿದ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1974ರಲ್ಲಿ ಗ್ಲೋಮಾರ್ ಎಕ್ಸ್‌ಪ್ಲೋರರ್ ಎಂಬ ಹಡಗಿನಿಂದ ಗುಟ್ಟಾಗಿ ಎತ್ತಲು ನೋಡಿತು. ಆ ಬಗ್ಗೆ ಮಾಹಿತಿ ಕೇಳಿದವರಿಗೆ ದಾಖಲೆ ಇದೆಯೆಂದೂ ಹೇಳೆವು, ಇಲ್ಲವೆಂದೂ ಹೇಳೆವು ಎಂದಿತು. 2014ರಲ್ಲಿ ಟ್ವಿಟರಿಗೆ ಕಾಲಿಟ್ಟಾಗ ಅದೇ ಸಂಸ್ಥೆ, ಇದು ತಮ್ಮ ಮೊದಲ ಟ್ವೀಟ್ ಎಂಬುದನ್ನು ದೃಢಪಡಿಸಲೂ ಅಲ್ಲಗಳೆಯಲೂ ಆಗದು ಎಂದು ಬರೆದು ತನ್ನನ್ನೇ ಲೇವಡಿ ಮಾಡಿಕೊಂಡಿತು.

ತಿರುಗಿ ಕೇಳುತ್ತೇನೆ: ನಮ್ಮ ‘ಚಕಾರ ಎತ್ತಲಿಲ್ಲ’, ‘ಕ್ಯಾತೆ ತೆಗೆದರು’, ‘ಅಪಸ್ವರ’ ಇವನ್ನು ಇಂಗ್ಲಿಷಿಗೆ ಒಯ್ಯುವುದು ಹೇಗೆ?

ಅಪಸ್ವರಕ್ಕೆ ‘ಡಿಸ್ಕಾರ್ಡಂಟ್ ನೋಟ್’ ಸಿದ್ಧವಾಗಿದೆ, ಎರಡೂ ಸಂಗೀತದ ಮನೆಯವು. ಚಕಾರಕ್ಕೆ ‘ನಾಟ್ ಎ ಪೀಪ್’ ಹೊಂದುತ್ತದೆ. ನಾವು ಒಂದು ಅಕ್ಷರವನ್ನೂ ಎತ್ತುವುದಿಲ್ಲ, ಅವರು ಕೋಳಿಮರಿಯಷ್ಟೂ ಸದ್ದು ಮಾಡುವುದಿಲ್ಲ. ಅತ್ತರೆ ತಾನೆ ಅಮ್ಮ ಹಾಲು ಕೊಡುವುದು ಎನ್ನುವಲ್ಲಿ ಅವರು ಕಿರುಗುಟ್ಟುವ ಚಕ್ರಕ್ಕೇ ಎಣ್ಣೆ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದರೆ, ಅಲ್ಲಿನ ಕೆಲಸ ಬಾರದ ಬಡಗಿ ಉಳಿಯನ್ನು ಬೈಯುತ್ತಾನೆ. ಕ್ಯಾತೆ ಮಾತ್ರ ದಕ್ಕುವುದಿಲ್ಲ. ‘ಪಿಕ್ ಎ ಕ್ವಾರೆಲ್’ ಎಂದರೆ ಜಗಳ ಬಂತು, ಆದರೆ ಮುಗಿದ ವಿಷಯವನ್ನು ಮತ್ತೆ ಕೆದಕಿ, ಸಿಕ್ಕಿದ ನೆಪ ಹಿಡಿದು, ಮಳೆ ಕಡಿಮೆಯಾದ ವರ್ಷವೇ ನೀರಿನ ಲೆಕ್ಕ ತೆಗೆಯುವ ಆ ಚಾಳಿ ಬರಲಿಲ್ಲ. ನಾನು ಮೂರು ಪದ ಬಳಸಿ ನೋಡಿದ್ದೇನೆ, ಮೂರನ್ನೂ ಹೊಡೆದುಹಾಕಿದ್ದೇನೆ.